ಮಳೆಗಾಲದ ಮಸೂರ

ಮಾತಾಡುವವರು ಇಬ್ಬರು. ಒಬ್ಬರು ಮಂಗಳೂರಿನಲ್ಲಿ ಸರ್ಜನ್. ಇನ್ನೊಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೆಳಕಿನ ವಿಜ್ಞಾನ ಕಲಿಸುವವರು. ಹೊಟ್ಟೆ ಸೀಳದೆ, ಬೆರಳಗಲದ ತೂತಿನಿಂದ ಒಳಗೆ ನೋಡುವ ಲ್ಯಾಪ್ರೊಸ್ಕೋಪನ್ನು ಎಲ್ಲಿ ಕೂತು, ಏನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಬೇಕು ಎಂಬುದು ಅವರ ನಡುವಿನ ಚರ್ಚೆ.

ಇಂಜಿನಿಯರ್: ಡಾಕ್ಟ್ರೇ, ಲ್ಯಾಪ್ರೊಸ್ಕೋಪ್ ವಿನ್ಯಾಸ ಮಾಡಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರೆ ಅವರ ಬಾಯಲ್ಲಿ ಮೊದಲು ಬರುವುದು ಪಿಕ್ಸೆಲ್. ಎಚ್‌ಡಿ ಹಳತಾಯಿತು, 4ಕೆ ಮಾಡುವಾ ಅನ್ನುತ್ತಾರೆ. ನನಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಪರದೆಯ ಮೇಲಿನ ಚಿತ್ರ ನಿಚ್ಚಳವಾದಷ್ಟೂ ಸರ್ಜನ್ನರ ಕೈ ತಪ್ಪುವುದು ಕಡಿಮೆ ಅಲ್ವಾ?

ಸರ್ಜನ್: ತಪ್ಪುವುದು ಕೈ ಅಲ್ಲ ಮಾರಾಯ್ರೆ, ಕಣ್ಣು. ಅಲ್ಲಿಂದಲೇ ಶುರು ಮಾಡುವಾ. ಪಿತ್ತಕೋಶದ ಕಲ್ಲಿನ ಆಪರೇಷನ್ ತೆಗೆದುಕೊಳ್ಳಿ, ಈ ಬಗೆಯ ಶಸ್ತ್ರಕ್ರಿಯೆಗಳಲ್ಲಿ ಎಲ್ಲ ಕಡೆ ನಡೆಯುವಂಥದ್ದು ಅದು. ಅಲ್ಲಿ ಕತ್ತರಿಸಬೇಕಾದದ್ದು ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವನ್ನು. ಅದರ ಪಕ್ಕದಲ್ಲೇ, ಕೆಲವೊಮ್ಮೆ ಅದಕ್ಕೆ ಒತ್ತಿಕೊಂಡೇ, ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ನಾಳ ಉಂಟು. ಸಣ್ಣದೆಂದು ತಿಳಿದು ದೊಡ್ಡದನ್ನು ಕತ್ತರಿಸಿದರೆ ಆ ರೋಗಿಯ ಬದುಕೇ ಬೇರೆ ದಾರಿ ಹಿಡಿಯುತ್ತದೆ: ಮತ್ತೆ ಮತ್ತೆ ಆಪರೇಷನ್, ಕಾಮಾಲೆ, ಸೋಂಕು, ವರ್ಷಗಟ್ಟಲೆ ಆಸ್ಪತ್ರೆ. ತೂತಿನ ಆಪರೇಷನ್ನಿನಲ್ಲಿ ಇದು ಸಾವಿರಕ್ಕೆ ಮೂರರಿಂದ ಐದು ಮಂದಿಗೆ ಆಗುತ್ತದೆ. ಹೊಟ್ಟೆ ತೆರೆದು ಮಾಡುವಾಗ ಇದರ ಅರ್ಧಕ್ಕಿಂತ ಕಡಿಮೆ ಇತ್ತು. 2003ರಲ್ಲಿ ಅಮೆರಿಕದ ಸರ್ಜನ್ ಲಾರೆನ್ಸ್ ವೇ ಮತ್ತು ಅವರ ಸಂಗಡಿಗರು ಇಂಥ 252 ಪ್ರಕರಣಗಳ ದಾಖಲೆ ಬಿಚ್ಚಿ ನೋಡಿದರು. ಶೇಕಡಾ 97ರಲ್ಲಿ ಮೂಲ ಕಾರಣ ದೃಷ್ಟಿಯ ಭ್ರಮೆ. ಕೈಚಳಕದ ಕೊರತೆ ಶೇಕಡಾ 3 ಮಾತ್ರ. ಕೈ ತನಗೆ ಒಪ್ಪಿಸಿದ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಕಣ್ಣು ತಪ್ಪು ನಾಳವನ್ನು ತೋರಿಸಿತ್ತು.

ಇಂಜಿನಿಯರ್: ಹಾಗಾದರೆ ನನ್ನ ಕೆಲಸವೇ ಇಲ್ಲವಲ್ಲ. ಭ್ರಮೆ ಆಗುವುದು ಮೆದುಳಿನಲ್ಲಿ. ನಾನು ಮಸೂರವನ್ನು ಎಷ್ಟು ತಿದ್ದಿದರೂ ಮೆದುಳು ತನಗೆ ಬೇಕಾದದ್ದನ್ನೇ ನೋಡುತ್ತದೆ. ಅದಕ್ಕೆ ತರಬೇತಿ ಬೇಕು, ಗಾಜಲ್ಲ.

ಸರ್ಜನ್: ತರಬೇತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ 1995ರಲ್ಲಿ ಒಂದು ಶಿಸ್ತನ್ನು ಹೇಳಿಕೊಟ್ಟರು. ಸುತ್ತಲಿನ ಕೊಬ್ಬು, ಪೊರೆ ಎಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಎಬ್ಬಿಸಿ, ಪಿತ್ತಕೋಶದೊಳಕ್ಕೆ ಹೋಗುವುದು ಎರಡೇ ಎರಡು, ಒಂದು ನಾಳ ಮತ್ತು ಒಂದು ರಕ್ತನಾಳ, ಅಂತ ಕಣ್ಣಿಗೆ ಖಾತ್ರಿಯಾಗುವ ತನಕ ಏನನ್ನೂ ಕತ್ತರಿಸಬಾರದು. ಈಗ ಎಲ್ಲ ಕಡೆ ಇದನ್ನೇ ಕಲಿಸುತ್ತಾರೆ. ಆದರೆ ಆ ಖಾತ್ರಿ ಒಂದು ಕ್ಷಣದ್ದಲ್ಲ. ಊದಿಕೊಂಡ, ರಕ್ತ ಜಿನುಗುವ ಜಾಗದಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಪೊರೆಯ ಮೇಲೆ ಪೊರೆ ಬಿಡಿಸುತ್ತಾ ಹೋಗಬೇಕು. ಅಷ್ಟು ಹೊತ್ತೂ ಚಿತ್ರ ನಂಬಿಕೆಗೆ ಅರ್ಹವಾಗಿರಬೇಕು. ಮೆದುಳು ಭ್ರಮೆ ಕಟ್ಟುವುದು ಮಾಹಿತಿ ಕಡಿಮೆಯಾದ ಕಡೆ. ಹೊಟ್ಟೆ ತೆರೆದಾಗ ನಮ್ಮ ಬೆರಳು ನಾಳದ ದಪ್ಪವನ್ನು ಹೇಳುತ್ತಿತ್ತು, ಎರಡು ಕಣ್ಣು ಆಳ ಹೇಳುತ್ತಿದ್ದವು, ಮೇಲಿನ ದೀಪದ ನೆರಳು ಯಾವುದು ಮುಂದೆ ಯಾವುದು ಹಿಂದೆ ಅಂತ ಹೇಳುತ್ತಿತ್ತು. ಕೊಳವೆಯೊಳಗಿಂದ ನೋಡುವಾಗ ಬೆರಳು ಹೋಯಿತು, ಒಂದು ಕಣ್ಣು ಹೋಯಿತು, ನೆರಳೂ ಹೋಯಿತು. ಉಳಿದದ್ದು ಪರದೆಯ ಮೇಲಿನ ಬಣ್ಣದ ಚಪ್ಪಟೆ ಚಿತ್ರ ಒಂದೇ. ಅದರಲ್ಲಿ ಮತ್ತಿಷ್ಟು ಕಳೆದುಹೋದರೆ ಖಾಲಿ ಬಿದ್ದ ಜಾಗವನ್ನು ಮೆದುಳು ತನ್ನ ಊಹೆಯಿಂದ ತುಂಬುತ್ತದೆ. ಆ ಜಾಗ ಖಾಲಿ ಬೀಳದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಇಂಜಿನಿಯರ್: ನೆರಳು ಹೋಯಿತು ಅಂದಿರಿ. ಅದನ್ನು ನಮ್ಮೂರಿನ ಮನೆಗಳೇ ಚೆನ್ನಾಗಿ ವಿವರಿಸುತ್ತವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚಿನ ಮಾಡು ಎಲ್ಲ ಕಡೆ ಬಂತು. ಕತ್ತಲೆ ಕೋಣೆಗೆ ಬೆಳಕು ಬೇಕಾದರೆ ನಡುವೆ ಒಂದು ಗಾಜಿನ ಹೆಂಚು ಇಡುತ್ತಾರೆ. ಮಾಡಿನಿಂದ ಓರೆಯಾಗಿ ಇಳಿಯುವ ಆ ಒಂದು ತುಂಡು ಬೆಳಕಿನಲ್ಲಿ ನೆಲದ ಮೇಲಿನ ಅಕ್ಕಿಕಾಳಿಗೂ ಒಂದು ನೆರಳು ಉಂಟು, ಒರಳಿನ ಗುಂಡಿ ಎಷ್ಟು ಆಳ ಅಂತ ಮುಟ್ಟದೆ ಗೊತ್ತಾಗುತ್ತದೆ. ಅದೇ ಕೋಣೆಗೆ ಹಣೆಗೆ ಟಾರ್ಚ್ ಕಟ್ಟಿಕೊಂಡು ಹೋಗಿ ನೋಡಿದರೆ ಎಲ್ಲವೂ ಬೆಳ್ಳಗೆ, ಎಲ್ಲವೂ ಚಪ್ಪಟೆ. ಲ್ಯಾಪ್ರೊಸ್ಕೋಪಿನಲ್ಲಿ ಬೆಳಕಿನ ನಾರುಗಳು ಮಸೂರದ ಸುತ್ತಲೇ ಬಳೆಯ ಹಾಗೆ ಕೂತಿರುತ್ತವೆ. ಕಣ್ಣು ಮತ್ತು ದೀಪ ಒಂದೇ ಜಾಗದಲ್ಲಿ. ಬಿದ್ದ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ. ದೀಪವನ್ನು ಒಂದು ಬದಿಗೆ ಎಳೆದರೆ, ಅಥವಾ ಎರಡನೇ ತೂತಿನಿಂದ ಬೇರೆ ದೀಪ ಕೊಟ್ಟರೆ ನೆರಳು ಮರಳಿ ಬರುತ್ತದೆ. ಇದಕ್ಕೆ ಪಿಕ್ಸೆಲ್ ಹೆಚ್ಚಿಸುವ ಅಗತ್ಯವೇ ಇಲ್ಲ, ಒಪ್ಪುತ್ತೇನೆ.

ಸರ್ಜನ್: ಪಿಕ್ಸೆಲಿನ ಲೆಕ್ಕವನ್ನು ನೀವೇ ಹಾಕಿ ತೋರಿಸಿ. ಬೆಳಕಿನ ವಿಜ್ಞಾನ ನಿಮ್ಮದಲ್ವಾ?

ಇಂಜಿನಿಯರ್: ಹಾಕುತ್ತೇನೆ. ಬೆಳಕು ಅಲೆ. ಸಣ್ಣ ಕಿಂಡಿಯಿಂದ ಒಳಬರುವಾಗ ಅದು ಹರಡಿಕೊಳ್ಳುತ್ತದೆ, ಕಿಂಡಿ ಸಣ್ಣದಾದಷ್ಟೂ ಹರಡಿಕೆ ಜಾಸ್ತಿ. ಸಪೂರ ಸ್ಕೋಪಿನಲ್ಲಿ ಬೆಳಕು ಒಳಬರುವ ಕಿಂಡಿ ಅರ್ಧ ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ, 5 ಸೆಂಟಿಮೀಟರ್ ದೂರದಲ್ಲಿ ಬೇರೆ ಬೇರೆಯಾಗಿ ಕಾಣುವ ಎರಡು ಚುಕ್ಕೆಗಳ ನಡುವಿನ ಅತಿ ಕಡಿಮೆ ಅಂತರ ಸುಮಾರು 0.07 ಮಿಲಿಮೀಟರ್. ಅಷ್ಟು ದೂರದಲ್ಲಿ ನೋಟದ ಅಗಲ 7 ಸೆಂಟಿಮೀಟರ್ ಆಸುಪಾಸು. ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಡಿಬಿಡಿಯಾಗಿ ಕಾಣುವ ಚುಕ್ಕೆ ಸಾವಿರವೇ. ಪ್ರತಿ ಚುಕ್ಕೆಗೆ ಎರಡು ಪಿಕ್ಸೆಲ್ ಕೊಟ್ಟರೂ ಎರಡು ಸಾವಿರಕ್ಕೆ ಮುಗಿಯಿತು. 4ಕೆ ಪರದೆಯಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್ ಉಂಟು, ಉಳಿದ ಅರ್ಧದಷ್ಟಕ್ಕೆ ಗಾಜು ಕೊಡುವ ಹೊಸ ಸುದ್ದಿ ಏನೂ ಇಲ್ಲ. ಕಿಂಡಿಯನ್ನು ಒಂದು ಮಿಲಿಮೀಟರಿಗೆ ಹಿಗ್ಗಿಸಿದರೆ 4ಕೆಗೆ ಅರ್ಥ ಬರುತ್ತದೆ, 10 ಮಿಲಿಮೀಟರ್ ದಪ್ಪದ ಸ್ಕೋಪಿನಲ್ಲಿ ಅದಕ್ಕೆ ಜಾಗವೂ ಉಂಟು. ಆದರೆ ಕಿಂಡಿ ಹಿಗ್ಗಿದ ಕೂಡಲೇ ಫೋಕಸ್ಸಿನ ಆಳ ಕುಗ್ಗುತ್ತದೆ. ಹತ್ತಿರ ಹೋದರೆ ಒಮ್ಮೆ ತಿರುಗಿಸಿ, ಹಿಂದೆ ಬಂದರೆ ಇನ್ನೊಮ್ಮೆ ತಿರುಗಿಸಿ ಅನ್ನುವ ಹಾಗಾಗುತ್ತದೆ. ಒಂದನ್ನು ಎಳೆದರೆ ಇನ್ನೊಂದು ಸರಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಳಬೇಕಾದವರು ಸರ್ಜನ್.

ಸರ್ಜನ್: ನನ್ನ ಕಡೆಯಿಂದ ಒಂದೇ ಬೇಡಿಕೆ. ಉಪಕರಣವನ್ನು ಅದು ಕೊಡುವ ಅತಿ ಒಳ್ಳೆಯ ಚಿತ್ರದಿಂದ ಅಳೆಯಬೇಡಿ, ಅತಿ ಕೆಟ್ಟ ಚಿತ್ರದಿಂದ ಅಳೆಯಿರಿ. ಪೆಟ್ಟಿಗೆಯಿಂದ ತೆಗೆದ ಮೊದಲ ದಿನ ಎಲ್ಲ ಸ್ಕೋಪುಗಳ ಚಿತ್ರವೂ ಚಂದವೇ. ನಾಳ ಕತ್ತರಿಸಬೇಕಾದ ಗಳಿಗೆಗೆ ಚಿತ್ರ ಹೇಗಿರುತ್ತದೆ? ಮುನ್ನೂರು ಸಲ ಹಬೆಯಲ್ಲಿ ಬೆಂದ ಮೇಲೆ? ಆಷಾಢದಲ್ಲಿ? ಕಲ್ಲು ತೆಗೆಸಿಕೊಳ್ಳಲು ಬಂದವರಿಗೆ ಮೊದಲ ದಿನದ ಸ್ಕೋಪೇ ಸಿಗಬೇಕೆಂದಿಲ್ಲ, ಅವತ್ತು ಯಾವುದು ಉಂಟೋ ಅದು ಸಿಗುತ್ತದೆ. ಇಡೀ ವಿನ್ಯಾಸ ಈ ಒಂದು ಮಾತಿನ ಮೇಲೆ ನಿಂತರೆ ಉಳಿದ ಎಷ್ಟೋ ತೀರ್ಮಾನಗಳು ತಾವಾಗಿಯೇ ಬದಲಾಗುತ್ತವೆ.

ಮಂಜು ಕಟ್ಟುವುದನ್ನೇ ನೋಡಿ. ಮಂಗಳೂರಿನಲ್ಲಿ ಎಸಿ ಬಸ್ಸಿನಿಂದ ಇಳಿದವರ ಕನ್ನಡಕ ಏನಾಗುತ್ತದೆ? ಒಮ್ಮೆಲೇ ಬೆಳ್ಳಗೆ. ಸ್ಕೋಪಿಗೂ ಅದೇ ಗತಿ. ಥಿಯೇಟರಿನ ಎಸಿ 20 ಡಿಗ್ರಿಯ ಆಸುಪಾಸು, ಹೊಟ್ಟೆಯೊಳಗೆ 37 ಡಿಗ್ರಿ ಮತ್ತು ತೇವ ತುಂಬಿದ ಗಾಳಿ. ತಣ್ಣಗಿನ ಗಾಜು ಒಳಗೆ ಹೋದದ್ದೇ ತಡ, ಅದರ ಮೇಲೆ ಇಬ್ಬನಿ. ಹಾಗಾಗಿ ಪಕ್ಕದಲ್ಲಿ ಕ್ರಿಮಿರಹಿತ ಬಿಸಿನೀರಿನ ಫ್ಲಾಸ್ಕ್ ಇರುತ್ತದೆ. ಸ್ಕೋಪಿನ ತುದಿಯನ್ನು ಅದರಲ್ಲಿ ಅದ್ದಿ, ಒರೆಸಿ, ಒಳಗೆ ಬಿಡಬೇಕು. ಮಂಜು ಕಟ್ಟಿದರೆ ಹೊರಗೆ ಎಳೆದು ಮತ್ತೆ ಅದ್ದಬೇಕು. ರಕ್ತ ಚಿಮ್ಮಿದ ಗಳಿಗೆಯಲ್ಲಿ ಅದೇ ರಕ್ತ ಗಾಜಿಗೂ ಬಿದ್ದಿರುತ್ತದೆ. ಒರೆಸಲು ಸ್ಕೋಪ್ ಹೊರಗೆ ಬಂದರೆ, ಒಳಗೆ ಇಕ್ಕಳ ಹಿಡಿದವರು ಅಷ್ಟು ಹೊತ್ತು ಕುರುಡು. ನೋಟ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದು ಇರುವುದಿಲ್ಲ. ನೂರು ವರ್ಷ ಮೀರಿದ ತಂತ್ರವಿದು, ಯಾಕೋಬೇಯಸ್ ಎಂಬ ವೈದ್ಯರು ಮನುಷ್ಯರ ಹೊಟ್ಟೆಯೊಳಗೆ ಹೀಗೆ ನೋಡಿದ್ದು 1910ರಲ್ಲಿ. ಇವತ್ತಿಗೂ ಅದು ಒಂದು ಫ್ಲಾಸ್ಕ್ ಬಿಸಿನೀರಿನ ಮೇಲೆ ನಿಂತಿದೆ.

ಇಂಜಿನಿಯರ್: ಇದಕ್ಕೆ ಒಂದು ದಾರಿ ಉಂಟು ಡಾಕ್ಟ್ರೇ. ಉದ್ದ ಕೊಳವೆಯ ತುಂಬ ಗಾಜು ಜೋಡಿಸುವ ಬದಲು, ಮೊಬೈಲ್ ಫೋನಿನಲ್ಲಿರುವಂಥ ಸಣ್ಣ ಕ್ಯಾಮೆರಾ ಚಿಪ್ಪನ್ನು ಕೊಳವೆಯ ತುದಿಯಲ್ಲೇ ಕೂರಿಸಬಹುದು, ಸುತ್ತ ಎಲ್‌ಇಡಿ ದೀಪ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಒಂದು ತಂಡ ಉಗಾಂಡದ ಸರ್ಜನ್ನರನ್ನು ಮನಸ್ಸಿನಲ್ಲಿಟ್ಟುಕೊಂಡು ಕೀಸ್ಕೋಪ್ ಅಂತ ಹೀಗೆಯೇ ಒಂದನ್ನು ರೂಪಿಸಿದೆ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು, ಬೇರೆ ದೀಪದ ಪೆಟ್ಟಿಗೆ, ಕೇಬಲ್, ಮಾನಿಟರಿನ ಗೋಪುರ ಬೇಡ. ತುದಿಯಲ್ಲಿ ಚಿಪ್ ಮತ್ತು ದೀಪ ಇದ್ದರೆ ಬಿಸಿಯಾಗುತ್ತದೆ, ಅದನ್ನು ನಾವು ದೋಷ ಅಂತ ಲೆಕ್ಕ ಹಾಕುತ್ತೇವೆ. ನಿಮ್ಮ ಮಾತು ಕೇಳಿದರೆ ಅದೇ ಬಿಸಿಯನ್ನು ಕೆಲಸಕ್ಕೆ ಹಚ್ಚಬಹುದು. ತುದಿಯ ಗಾಜು 37 ಡಿಗ್ರಿಗಿಂತ ತುಸು ಬೆಚ್ಚಗಿದ್ದರೆ ಇಬ್ಬನಿ ಕೂರಲು ಕಾರಣವೇ ಇಲ್ಲ. ಅತ್ತ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಪ್ರಕಾರ ದೇಹಕ್ಕೆ ತಾಗುವ ಭಾಗ 41 ಡಿಗ್ರಿ ಮೀರಿದರೆ ಅದನ್ನು ಕೈಪಿಡಿಯಲ್ಲಿ ಬರೆದು ಎಚ್ಚರಿಸಬೇಕು. ನಡುವೆ ಸಿಗುವುದು ನಾಲ್ಕು ಡಿಗ್ರಿ. ಆ ನಾಲ್ಕು ಡಿಗ್ರಿಯೊಳಗೆ ಗಾಜನ್ನು ಹಿಡಿದಿಡುವುದು ನಮ್ಮ ಹುಡುಗರಿಗೆ ಒಳ್ಳೆಯ ಪರೀಕ್ಷೆ, 4ಕೆಗಿಂತ ಒಳ್ಳೆಯದು.

ಆದರೆ ಒಂದು ಆಕ್ಷೇಪ ಹೇಳದೆ ಬಿಡಲಾರೆ. ಸ್ಟೀಲ್ ಕೊಳವೆಯ ಗಾಜಿನ ಸ್ಕೋಪನ್ನು 134 ಡಿಗ್ರಿ ಹಬೆಯಲ್ಲಿ ಆಟೋಕ್ಲೇವ್ ಮಾಡಬಹುದು. ಚಿಪ್ ಅದನ್ನು ಸುಲಭಕ್ಕೆ ತಾಳುವುದಿಲ್ಲ. ದ್ರಾವಣದಲ್ಲಿ ನೆನೆಸಬೇಕು ಅಥವಾ ಪ್ರತಿ ಸಲ ಹೊಸ ಕವಚ ತೊಡಿಸಬೇಕು. ಮಂಜು ತಪ್ಪಿಸಲು ಹೋಗಿ ಸೋಂಕು ತಂದುಕೊಂಡ ಹಾಗೆ ಆಗಬಾರದಲ್ಲ.

ಸರ್ಜನ್: ಸರಿಯಾದ ಆಕ್ಷೇಪ. ಅದಕ್ಕೆ ನಾನು ಚಿಪ್ಪೇ ಆಗಬೇಕು ಅನ್ನುವುದಿಲ್ಲ, ಗಾಜೇ ಆಗಬೇಕು ಅಂತಲೂ ಅನ್ನುವುದಿಲ್ಲ. ಹಬೆ ಗಾಜಿನ ಸ್ಕೋಪಿಗೂ ಸುಖವಲ್ಲ. ಸ್ಟೀಲ್ ಒಂದು ಅಳತೆಗೆ ಹಿಗ್ಗುತ್ತದೆ, ಗಾಜು ಇನ್ನೊಂದು ಅಳತೆಗೆ, ನಡುವಿನ ಅಂಟು ಪ್ರತಿ ಸಲ ಎರಡೂ ಕಡೆ ಎಳೆಸಿಕೊಳ್ಳುತ್ತದೆ. ಅಂಟು ಬಿಟ್ಟರೆ ತೇವ ಒಳಗೆ ನುಗ್ಗಿ ಗಾಜಿನ ಒಳಮೈಯಲ್ಲಿ ಮಂಜು ಕೂರುತ್ತದೆ. ಅದನ್ನು ಯಾವ ಬಟ್ಟೆಯಿಂದಲೂ ಒರೆಸಲಾಗುವುದಿಲ್ಲ. ತುದಿಗೆ ನೀಲಮಣಿಯ ಗಾಜು ಇಟ್ಟು ಲೋಹದಿಂದ ಬೆಸೆದರೆ ಈ ಕಾಟ ಕಡಿಮೆ, ಬೆಲೆ ಜಾಸ್ತಿ. ಬೆಲೆ ಎಲ್ಲಿ ಸುರಿಯಬೇಕು ಅಂತ ಕೇಳಿದರೆ ನಾನು ಪಿಕ್ಸೆಲ್ ಬಿಟ್ಟು ಆ ಬೆಸುಗೆಯಲ್ಲಿ ಸುರಿಯಿರಿ ಅನ್ನುತ್ತೇನೆ.

ದೀಪದ ಕೇಬಲ್ ಇನ್ನೊಂದು. ಅದರೊಳಗೆ ಕೂದಲಿಗಿಂತ ಸಪೂರದ ಸಾವಿರಾರು ಗಾಜಿನ ನಾರು. ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ತುದಿಯನ್ನು ನೋಡಿದರೆ ಅದರ ಆಯುಷ್ಯ ಗೊತ್ತಾಗುತ್ತದೆ. ಬೆಳ್ಳಗಿನ ವೃತ್ತದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಕಂಡರೆ ಪ್ರತಿ ಚುಕ್ಕೆಯೂ ತುಂಡಾದ ಒಂದು ನಾರು. ಕೇಬಲನ್ನು ಸಣ್ಣ ಸುರುಳಿ ಸುತ್ತಿಟ್ಟಾಗ, ಟ್ರಾಲಿಯ ಚಕ್ರ ಹತ್ತಿಸಿದಾಗ ಒಂದೊಂದೇ ಹೋಗುತ್ತವೆ. ಬೆಳಕು ಒಮ್ಮೆಲೇ ಆರಿದ್ದರೆ ಯಾರಾದರೂ ಗಮನಿಸುತ್ತಿದ್ದರು. ದಿನಕ್ಕಿಷ್ಟು ಅಂತ ಕುಂದುವಾಗ ಕಣ್ಣು ಹೊಂದಿಕೊಳ್ಳುತ್ತದೆ, ಕ್ಯಾಮೆರಾ ತಾನಾಗಿ ಪ್ರಖರತೆ ಏರಿಸಿ ಕೊರತೆಯನ್ನು ಮುಚ್ಚುತ್ತದೆ. ಚಿತ್ರದಲ್ಲಿ ಮರಳಿನಂಥ ಕಾಳು ಏಳುತ್ತದೆ, ಸಣ್ಣ ಪೊರೆಗಳ ಅಂಚು ಅದರಲ್ಲಿ ಕರಗುತ್ತದೆ. ಎಷ್ಟು ಬೆಳಕು ಹೊರಬರುತ್ತಿದೆ ಅಂತ ಪ್ರತಿ ಆಪರೇಷನ್ನಿಗೆ ಮುಂಚೆ ಉಪಕರಣವೇ ಅಳೆದು ಹೇಳುವ ಹಾಗೆ ಮಾಡಲು ಒಂದು ಸಣ್ಣ ಸಂವೇದಕ ಸಾಕಲ್ವಾ?

ಇಂಜಿನಿಯರ್: ಸಾಕು. ಕ್ಯಾಮೆರಾದ ಬಣ್ಣ ಹೊಂದಿಸಲು ಬಿಳಿ ಗಾಜ್ ಬಟ್ಟೆ ತೋರಿಸುತ್ತೀರಲ್ಲ, ಆ ಹೊತ್ತಿಗೇ ಅದನ್ನು ಅಳೆದು ಹಿಂದಿನ ದಿನದ ಜೊತೆ ಹೋಲಿಸಬಹುದು. ಬಣ್ಣದ ವಿಷಯಕ್ಕೆ ಬಂದರೆ ಎಲ್‌ಇಡಿಯದ್ದೇ ಒಂದು ತಕರಾರು ಉಂಟು. ದಕ್ಕೆಯಲ್ಲಿ ಮೀನು ಕೊಳ್ಳುವವರು ಬಂಗುಡೆಯ ಕಿವಿರು ಎತ್ತಿ ನೋಡುತ್ತಾರೆ. ಕೆಂಪು ಕಡುವಾಗಿದ್ದರೆ ತಾಜಾ, ಕಂದು ತಿರುಗಿದ್ದರೆ ಹಳತು. ಅಗ್ಗದ ಬಿಳಿ ಎಲ್‌ಇಡಿಯ ಕೆಳಗೆ ಆ ವ್ಯತ್ಯಾಸ ಮಸುಕಾಗುತ್ತದೆ. ಯಾಕೆಂದರೆ ಅದರ ಬೆಳಕಿನಲ್ಲಿ ನೀಲಿ ಜಾಸ್ತಿ, ಕಡುಗೆಂಪು ಕಡಿಮೆ. ಹೊಟ್ಟೆಯೊಳಗೆ ಇರುವುದೆಲ್ಲ ಕೆಂಪಿನ ಬಗೆಗಳೇ: ಯಕೃತ್ತಿನ ಕಂದುಗೆಂಪು, ರಕ್ತದ ಕೆಂಪು, ಪೊರೆಯ ಗುಲಾಬಿ, ನಡುವೆ ಕೊಬ್ಬಿನ ಹಳದಿ. ಅಲ್ಲಿ ಕೆಂಪನ್ನು ಕೆಂಪಿನಿಂದ ಬೇರ್ಪಡಿಸಲಾಗದ ದೀಪ ಎಷ್ಟು ಪ್ರಖರವಾದರೂ ಪ್ರಯೋಜನ ಇಲ್ಲ. ದೀಪದ ಪೆಟ್ಟಿಗೆಯ ಮೇಲೆ ಪ್ರಖರತೆಯ ಅಂಕೆ ದೊಡ್ಡದಾಗಿ ಬರೆದಿರುತ್ತಾರೆ, ಕೆಂಪಿನ ಅಂಕೆಯನ್ನು ಕೇಳಿದರೆ ಮಾತ್ರ ಹೇಳುತ್ತಾರೆ.

ಆಕ್ಷೇಪ ಇನ್ನೂ ಮುಗಿದಿಲ್ಲ. ನೀವು ಆಷಾಢ ಅಂದಿರಿ. ಜರ್ಮನಿಯ ಟುಟ್‌ಲಿಂಗೆನ್ನಿನಲ್ಲಿ ತಯಾರಾದ ಸ್ಕೋಪ್ ಜಗತ್ತಿನ ಎಲ್ಲ ಕಡೆ ಕೆಲಸ ಮಾಡುತ್ತದೆ. ಮಂಗಳೂರಿನ ಮಳೆಗೆ ಅಂತ ಬೇರೆ ವಿನ್ಯಾಸ ಬೇಕೇ? ದೇಹ ಎಲ್ಲ ಕಡೆ ಒಂದೇ.

ಸರ್ಜನ್: ದೇಹ ಒಂದೇ, ಕಪಾಟು ಬೇರೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ, ಪುಸ್ತಕದ ಬೈಂಡಿಗೆ ಬೂಸ್ಟು ಬರುವ ಊರಿನಲ್ಲಿ ಮಸೂರಕ್ಕೂ ಬರುತ್ತದೆ. ಊರಿನ ಫೋಟೋ ಸ್ಟುಡಿಯೋದವರನ್ನು ಕೇಳಿ, ಲೆನ್ಸಿನ ಫಂಗಸ್ ಅವರ ಮಾಮೂಲಿ ಶತ್ರು. ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹರಡುತ್ತದೆ. ಅದು ಬಿಡುವ ಆಮ್ಲ ಮಸೂರದ ಲೇಪವನ್ನು ತಿನ್ನುತ್ತದೆ, ಒರೆಸಿದ ಮೇಲೂ ಗುರುತು ಉಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ಕಾಡಿಗೆ ಹೋದ ಸೈನ್ಯದ ದುರ್ಬೀನುಗಳು ಇದೇ ಬೂಸ್ಟಿನಿಂದ ಕುರುಡಾದವು. ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನೇ ಕೂತು ಅಧ್ಯಯನ ಮಾಡಬೇಕಾಯಿತು. ದಿನವೂ ಹಬೆಯಲ್ಲಿ ಬೇಯುವ ಕೊಳವೆಯ ಹೊರಮೈಯಲ್ಲಿ ಬೂಸ್ಟು ನಿಲ್ಲುವುದಿಲ್ಲ, ಒಪ್ಪುತ್ತೇನೆ. ಹಬೆಗೆ ಹೋಗದ ಕ್ಯಾಮೆರಾ ಹೆಡ್ಡಿಗೆ, ಅದನ್ನು ಸ್ಕೋಪಿಗೆ ಜೋಡಿಸುವ ಮಸೂರಕ್ಕೆ, ಮೈಕ್ರೊಸ್ಕೋಪಿಗೆ, ಫೋಮಿನ ಪೆಟ್ಟಿಗೆಯಲ್ಲಿ ಮಲಗಿಸಿಟ್ಟ ಎರಡನೇ ಸೆಟ್ಟಿಗೆ ಆ ರಕ್ಷಣೆ ಇಲ್ಲ. ಎಸಿ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಥಿಯೇಟರಿನಲ್ಲಿ ಗಾಜು ದಿನಕ್ಕೆ ಒಮ್ಮೆ ಬೆವರುತ್ತದೆ.

ಇಂಜಿನಿಯರ್: ಬೆಳಕಿನ ಉಪಕರಣಗಳಿಗೆ ಬೂಸ್ಟಿನ ಪರೀಕ್ಷೆ ಅಂತಲೇ ಒಂದು ಮಾನದಂಡ ಉಂಟು, ಐಎಸ್‌ಒ 9022ರ 11ನೇ ಭಾಗ. ಎಂಡೊಸ್ಕೋಪುಗಳ ಮಾನದಂಡ ಬೇರೆ, ಐಎಸ್‌ಒ 8600. ಅದು ನೋಟದ ಕೋನ, ನೋಟದ ದಿಕ್ಕು, ಸೂಕ್ಷ್ಮತೆ ಇವನ್ನೆಲ್ಲ ಮೇಜಿನ ಮೇಲಿಟ್ಟು ಅಳೆಯಲು ಹೇಳುತ್ತದೆ. ಎರಡನ್ನೂ ಕೂಡಿಸಿ, ಬೂಸ್ಟಿನ ಪೆಟ್ಟಿಗೆಯಿಂದ ಹೊರತೆಗೆದ ಮೇಲೆ ಸೂಕ್ಷ್ಮತೆ ಎಷ್ಟು ಉಳಿಯಿತು ಅಂತ ಅಳೆದರೆ ನೀವು ಕೇಳುವ ಕೆಟ್ಟ ಚಿತ್ರದ ಲೆಕ್ಕ ಸಿಗುತ್ತದೆ. ಹೊಸ ವಿಜ್ಞಾನವೇನೂ ಬೇಡ.

ಆದರೂ ಇದನ್ನು ನಾವೇ ಯಾಕೆ ಮಾಡಬೇಕು? ಬೇಡಿಕೆ ಬರೆದು ದೊಡ್ಡ ಕಂಪನಿಗಳಿಗೆ ಕೊಟ್ಟರೆ ಅವರು ಮಾಡಿಕೊಡಬಹುದಲ್ಲ.

ಸರ್ಜನ್: ಇದಕ್ಕೆ ಉತ್ತರ ನಿಮ್ಮ ಶಾಸ್ತ್ರದ ಇತಿಹಾಸದಲ್ಲೇ ಉಂಟು. ಲಿವರ್‌ಪೂಲಿನ ಗೌ ಎಂಬ ಮೂತ್ರಾಂಗದ ಸರ್ಜನ್‌ಗೆ ಮೂತ್ರಕೋಶದ ಒಳಗಿನ ಫೋಟೋ ಬೇಕಿತ್ತು, ಆಗಿನ ಸ್ಕೋಪುಗಳಲ್ಲಿ ಅಷ್ಟು ಬೆಳಕೇ ಬರುತ್ತಿರಲಿಲ್ಲ. ಅವರು ಹೋಗಿ ಹೇಳಿದ್ದು ಹೆರಾಲ್ಡ್ ಹಾಪ್‌ಕಿನ್ಸ್ ಎಂಬ ಭೌತಶಾಸ್ತ್ರಜ್ಞರ ಹತ್ತಿರ. ಮುಂದಿನದ್ದು ನಿಮ್ಮ ಬಾಯಲ್ಲೇ ಬರಲಿ.

ಇಂಜಿನಿಯರ್: ಅದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುವಾಗಲೂ ಖುಷಿಯಾಗುತ್ತದೆ. ಹಳೆಯ ಕೊಳವೆಯಲ್ಲಿ ತುಂಬ ಗಾಳಿ, ಅಲ್ಲಲ್ಲಿ ಸಣ್ಣ ಗಾಜಿನ ಮಸೂರ. ಹಾಪ್‌ಕಿನ್ಸ್ ಅದನ್ನು ತಿರುವುಮುರುವು ಮಾಡಿದರು: ಕೊಳವೆಯ ತುಂಬ ಗಾಜಿನ ಕಡ್ಡಿಗಳು, ನಡುನಡುವೆ ಸಣ್ಣ ಗಾಳಿಯ ಸಂದು. ಆ ಸಂದೇ ಮಸೂರದ ಕೆಲಸ ಮಾಡುತ್ತದೆ. ಗಾಜಿನೊಳಗೆ ಬೆಳಕು ಗಾಳಿಗಿಂತ ಚೆನ್ನಾಗಿ ಸಾಗುವ ಹಾಗಾಯಿತು. ಮಸೂರಗಳನ್ನು ಹಿಡಿದಿಡುತ್ತಿದ್ದ ಲೋಹದ ಬಳೆಗಳು ತಿನ್ನುತ್ತಿದ್ದ ಜಾಗವೂ ಉಳಿಯಿತು. ಬೆಳಕು ಹಲವು ಪಟ್ಟು ಹೆಚ್ಚಿತು. ಪೇಟೆಂಟಿಗೆ ಅರ್ಜಿ ಹಾಕಿದ್ದು 1959ರಲ್ಲಿ. ಇಂಗ್ಲೆಂಡಿನ ತಯಾರಕರು ಆಸಕ್ತಿ ತೋರಲಿಲ್ಲ. 1965ರಲ್ಲಿ ಜರ್ಮನಿಯ ಕಾರ್ಲ್ ಸ್ಟೋರ್ಜ್ ಅದನ್ನು ಕೈಗೆತ್ತಿಕೊಂಡರು. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಕೋಪ್ ಜರ್ಮನಿಯ ಸರಕಾಯಿತು. ಅದೇ ಹಾಪ್‌ಕಿನ್ಸ್ ಜೊತೆ ಸೇರಿ 1954ರಲ್ಲಿ ಗಾಜಿನ ನಾರಿನ ಕಟ್ಟಿನಿಂದ ಚಿತ್ರ ಸಾಗಿಸಿ ತೋರಿಸಿದವರು ಪಂಜಾಬಿನ ಮೋಗಾದ ನರಿಂದರ್ ಸಿಂಗ್ ಕಪಾನಿ.

ಸರ್ಜನ್: ನೋಡಿ, ಒಬ್ಬ ಸರ್ಜನ್ನರ ದೂರು ಒಬ್ಬ ಮೇಷ್ಟ್ರ ಕಿವಿಗೆ ಬಿದ್ದದ್ದರಿಂದ ಇಡೀ ಲ್ಯಾಪ್ರೊಸ್ಕೋಪಿಯ ನೋಟ ಬದಲಾಯಿತು.‌ ದೂರು ಇದ್ದ ದೇಶದಲ್ಲಿ ಮಾಡುವವರು ಇಲ್ಲದೆ ಹೋದಾಗ ಏನಾಯಿತು ಅಂತಲೂ ನೀವೇ ಹೇಳಿದಿರಿ. ನಮ್ಮ ದೇಶ ತನಗೆ ಬೇಕಾದ ವೈದ್ಯಕೀಯ ಉಪಕರಣಗಳಲ್ಲಿ ಹೆಚ್ಚಿನ ಪಾಲನ್ನು ಇವತ್ತಿಗೂ ಹೊರಗಿನಿಂದ ತರುತ್ತದೆ. ಮಂಗಳೂರಿನಲ್ಲಿ ದೂರಿಗೆ ಬರವಿಲ್ಲ, ಕೇಳುವ ಕಿವಿಗೂ ಬರ ಇರಬಾರದು. 1848ರಿಂದ ನಡೆದುಬಂದ ವೆನ್ಲಾಕ್ ಆಸ್ಪತ್ರೆ ಹಂಪನಕಟ್ಟೆಯಲ್ಲಿ ಉಂಟು, ಕಾಸರಗೋಡು, ಕೊಡಗಿನ ಕಡೆಯಿಂದಲೂ ಜನ ಬರುತ್ತಾರೆ. ಅಲ್ಲೇ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ದೇರಳಕಟ್ಟೆಯಲ್ಲಿ ಸಾಲಾಗಿ ಮೆಡಿಕಲ್ ಕಾಲೇಜುಗಳು. ಸುರತ್ಕಲ್ಲಿನಲ್ಲಿ 1960ರಲ್ಲಿ ಕೆಆರ್‌ಇಸಿ ಅಂತ ಶುರುವಾಗಿ ಈಗ ಎನ್‌ಐಟಿಕೆ ಆಗಿರುವ ಇಂಜಿನಿಯರಿಂಗ್ ಕಾಲೇಜು, ಕಡಲ ಉಪ್ಪುಗಾಳಿಯೊಳಗೇ ನಿಂತದ್ದು. ಸುರತ್ಕಲ್ಲಿನಿಂದ ದೇರಳಕಟ್ಟೆಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಬೂಸ್ಟು, ಮಂಜು, ಸರ್ಜನ್, ರೋಗಿ, ಗಾಜು ಅರಿತ ಮೇಷ್ಟ್ರು ಇಷ್ಟೂ ಒಂದೇ ಬಸ್ಸಿನ ದಾರಿಯಲ್ಲಿ ಸಿಗುವ ಊರು ಇದು.

ಇಂಜಿನಿಯರ್: ಕೇಳಲು ಚಂದ. ಆದರೆ ಜನ ಏನೆನ್ನುತ್ತಾರೆ ಗೊತ್ತಾ? ಇಲ್ಲೇ ಅಗ್ಗಕ್ಕೆ ಮಾಡಿದ್ದು ಅಂದರೆ ಬಡವರಿಗೆ ಎರಡನೇ ದರ್ಜೆಯ ಮಾಲು ಅಂತ. ಬಡವರಿಗೆ ಹಳೆಯ ಪದ್ಧತಿಯಲ್ಲಿ ಹೊಟ್ಟೆ ತೆರೆದು ಮಾಡಿದರೇ ಸುರಕ್ಷಿತ ಅನ್ನುವವರೂ ಇದ್ದಾರೆ. ನೀವೇ ಹೇಳಿದಿರಿ, ನಾಳ ತುಂಡಾಗುವುದು ಅದರಲ್ಲಿ ಕಡಿಮೆ ಅಂತ.

ಸರ್ಜನ್: ಎರಡೂ ಗಟ್ಟಿ ಪ್ರಶ್ನೆ. ಎರಡನೆಯದಕ್ಕೆ ಮೊದಲು ಬರುತ್ತೇನೆ. ಭಾರತದಲ್ಲಿ ಮೊದಲ ಲ್ಯಾಪ್ರೊಸ್ಕೋಪಿಕ್ ಪಿತ್ತಕೋಶದ ಆಪರೇಷನ್ ನಡೆದದ್ದು 1990ರಲ್ಲಿ, ಮುಂಬಯಿಯ ಸರಕಾರಿ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್ಟನ್ ಉದ್ವಾಡಿಯಾ ಅವರ ಕೈಯಲ್ಲಿ. 1972ರಿಂದಲೇ ಅವರು ಸ್ಕೋಪ್ ಹಾಕಿ ಹೊಟ್ಟೆಯ ರೋಗ ಪತ್ತೆ ಮಾಡುತ್ತಿದ್ದರು. ಬಡ ದೇಶಕ್ಕೆ ಈ ಶೋಕಿ ಯಾಕೆ ಅನ್ನುವ ಪ್ರಶ್ನೆಯ ಎದುರಿಗೆ ಒಂದು ಸತ್ಯ ಗಟ್ಟಿಯಾಗಿ ನಿಲ್ಲುತ್ತದೆ: ಬೇಗ ಎದ್ದು ಕೆಲಸಕ್ಕೆ ಹೋಗಲೇಬೇಕಾದದ್ದು ಬಡವರೇ. ಬೋಟಿನಲ್ಲಿ ಬಲೆ ಎಳೆಯುವವರಿಗೆ, ದಿನಕ್ಕಿಷ್ಟು ಅಂತ ಬೀಡಿ ಕಟ್ಟುವವರಿಗೆ ಒಂದು ತಿಂಗಳು ಮಲಗುವುದೆಂದರೆ ಒಂದು ತಿಂಗಳ ಅಕ್ಕಿ ಹೋದ ಹಾಗೆ. ಸಣ್ಣ ತೂತಿನ ಗಾಯಕ್ಕೆ ಸೋಂಕು ಕಡಿಮೆ, ನೋವು ಕಡಿಮೆ, ಬಿಡುಗಡೆ ಬೇಗ. ಹಾಗಾಗಿ ನಾಳ ತುಂಡಾಗುವ ಅಪಾಯ ಇಳಿಸಲು ಇರುವ ದಾರಿ ನೋಟವನ್ನು ಸರಿಪಡಿಸುವುದು. ಅವರಿಗೆ ಈ ಆಪರೇಷನ್ನನ್ನೇ ನಿರಾಕರಿಸುವುದು ನ್ಯಾಯವಲ್ಲ.

ಅಗ್ಗ ಅಂದರೆ ಕಳಪೆ ಅನ್ನುವುದಕ್ಕೆ ಮದುರೆಯ ಕಡೆ ನೋಡಿ. ಪೊರೆ ತೆಗೆದ ಕಣ್ಣಿಗೆ ಇಡುವ ಮಸೂರ ಹೊರದೇಶದಿಂದ ನೂರು ಡಾಲರಿನ ಆಸುಪಾಸಿಗೆ ಬರುತ್ತಿದ್ದ ಕಾಲದಲ್ಲಿ, 1992ರಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ಆರೊಲ್ಯಾಬ್ ಶುರು ಮಾಡಿದರು. ಬೆಲೆ ಹತ್ತನೇ ಒಂದಕ್ಕೆ, ಮತ್ತೂ ಕೆಳಕ್ಕೆ ಬಂತು. ಗುಣಮಟ್ಟದಲ್ಲಿ ರಾಜಿ ಆಗಲಿಲ್ಲ, ಬೇರೆ ಬೇರೆ ದೇಶಗಳಿಗೆ ರಫ್ತೂ ಆಯಿತು. ಬೆಂಗಳೂರಿನ ಫೋರಸ್ ಹೆಲ್ತ್‌ನವರ ತ್ರಿನೇತ್ರ ಕ್ಯಾಮೆರಾ ಹಳ್ಳಿಯ ಶಿಬಿರಕ್ಕೆ ಎತ್ತಿಕೊಂಡು ಹೋಗಿ ಅಕ್ಷಿಪಟಲದ ಚಿತ್ರ ತೆಗೆಯಲಿಕ್ಕೆಂದೇ ರೂಪಿಸಿದ್ದು. ಎರಡರಲ್ಲೂ ಬೆಲೆ ಇಳಿದದ್ದು ಗಾಜನ್ನು ಕಳಪೆ ಮಾಡಿದ್ದರಿಂದ ಅಲ್ಲ. ಯಾರಿಗೆ, ಎಲ್ಲಿ, ಎಷ್ಟು ಸಲ ಅಂತ ಮೊದಲೇ ಕೇಳಿಕೊಂಡು ಬೇಡದ್ದನ್ನು ಬಿಟ್ಟದ್ದರಿಂದ.

ಇಂಜಿನಿಯರ್: ಬೇಡದ್ದನ್ನು ಬಿಡುವುದು ಅಂದಿರಿ. ಪಿತ್ತನಾಳವನ್ನು ಹೊಳೆಯಿಸಿ ತೋರಿಸುವ ಹಸಿರು ಬಣ್ಣದ ಔಷಧಿಯನ್ನೂ ಬಿಡಬೇಕಾ? ಐಸಿಜಿ ಅಂತ, ನಿಮಗೆ ಗೊತ್ತಿರುವುದೇ.

ಸರ್ಜನ್: ಅದನ್ನು ಬಿಡಬಾರದು. ಅಮೆರಿಕದಲ್ಲಿ 1959ರಲ್ಲೇ ಅನುಮತಿ ಸಿಕ್ಕ ಹಳೆಯ ಔಷಧಿ ಅದು. ರಕ್ತಕ್ಕೆ ಕೊಟ್ಟರೆ ಯಕೃತ್ತು ಅದನ್ನು ಹೀರಿ ಪಿತ್ತದೊಳಗೆ ಬಿಡುತ್ತದೆ. 800 ನ್ಯಾನೊಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಬೆಳಕು ಬಿಟ್ಟರೆ ಪಿತ್ತನಾಳಗಳು ಹೊಳೆಯುತ್ತವೆ, ಮೇಲಿನ ತೆಳು ಕೊಬ್ಬನ್ನು ದಾಟಿಯೂ. ಯಾವ ನಾಳ ಯಾವುದಕ್ಕೆ ಕೂಡುತ್ತದೆ ಅಂತ ಕತ್ತರಿಸುವ ಮುಂಚೆಯೇ ಕಾಣುತ್ತದೆ. ಕೊಬ್ಬು ದಪ್ಪ ಇದ್ದರೆ, ಊತ ಜಾಸ್ತಿ ಇದ್ದರೆ ಅದೂ ಸೋಲುತ್ತದೆ. ಅದನ್ನು ನೆಚ್ಚಿ ಸ್ಟ್ರಾಸ್‌ಬರ್ಗ್ ಹೇಳಿದ ಶಿಸ್ತನ್ನು ಬಿಡುವ ಹಾಗಿಲ್ಲ.

ಇಂಜಿನಿಯರ್: ಸಾಮಾನ್ಯ ಸಿಲಿಕಾನ್ ಚಿಪ್ಪಿಗೆ ಆ ಬೆಳಕು ಕಾಣುತ್ತದೆ ಡಾಕ್ಟ್ರೇ, ಸಾವಿರ ನ್ಯಾನೊಮೀಟರಿನ ಹತ್ತಿರದ ತನಕ ಕಾಣುತ್ತದೆ. ಬಣ್ಣ ಕೆಡದಿರಲಿ ಅಂತ ನಾವೇ ಎದುರಿಗೆ ಒಂದು ಸೋಸುಗಾಜು ಇಟ್ಟು ಅದನ್ನು ತಡೆಯುತ್ತೇವೆ. ಸೋಸುಗಾಜನ್ನು ಬದಲಿಸಿ, ಒಂದು ಎಲ್‌ಇಡಿ ಸೇರಿಸಿದರೆ ದೊಡ್ಡ ಖರ್ಚಿಲ್ಲದೆ ಅದನ್ನು ಒಳಗೆ ತರಬಹುದು. ಕಾನೂನಿನ ದಾರಿ ಮಾತ್ರ ಉದ್ದ. 2017ರ ವೈದ್ಯಕೀಯ ಉಪಕರಣಗಳ ನಿಯಮ ಉಂಟು, 2020ರ ಏಪ್ರಿಲ್‌ನಿಂದ ಎಲ್ಲ ಉಪಕರಣಗಳೂ ಅದರೊಳಗೆ ಬಂದಿವೆ. ಪರವಾನಗಿ, ತಪಾಸಣೆ, ಕಡತ ಅಂತ ವರ್ಷಗಳೇ ಬೇಕಾಗುತ್ತವೆ. ಹುಡುಗರ ಪ್ರಾಜೆಕ್ಟ್ ನಾಲ್ಕು ತಿಂಗಳಿಗೆ ಮುಗಿಯುತ್ತದೆ.

ಸರ್ಜನ್: ನಿಯಮ ಇರಲಿ, ಇರಬೇಕಾದದ್ದೇ. ರೋಗಿಯ ಹೊಟ್ಟೆಯೊಳಗೆ ಹೋಗುವುದಕ್ಕೆ ಅಡ್ಡದಾರಿ ಬೇಡ. ಆದರೆ ಕೆಟ್ಟ ಚಿತ್ರವನ್ನು ಅಳೆಯಲು ರೋಗಿಯೂ ಬೇಡ, ಪರವಾನಗಿಯೂ ಬೇಡ. ಬಳಸಿ ಬದಿಗಿಟ್ಟ ಹಳೆಯ ಸ್ಕೋಪು, ಕೇಬಲುಗಳನ್ನು ಒಟ್ಟು ಮಾಡುವಾ. ಹೊಸದೊಂದು ಸಿಕ್ಕರೆ ಅದನ್ನೂ ಪಕ್ಕಕ್ಕಿಡುವಾ. ಕೆಲವನ್ನು ಸುರತ್ಕಲ್ಲಿನ ಒಂದು ಮಾಮೂಲಿ ಕಪಾಟಿನಲ್ಲಿ, ಕೆಲವನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ. ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯ ತನಕ, ವಾರಕ್ಕೊಮ್ಮೆ, ಒಂದೇ ದೂರದಲ್ಲಿ ಒಂದೇ ಪಟದ ಚಿತ್ರ ತೆಗೆಯಿರಿ. ಮಸುಕು ಯಾವ ವಾರದಲ್ಲಿ ಶುರುವಾಯಿತು, ಎಲ್ಲಿಂದ ಶುರುವಾಯಿತು, ಅಂಟಿನಿಂದಲೋ ಲೇಪದಿಂದಲೋ ನಾರಿನಿಂದಲೋ, ಅಂತ ಬರೆದಿಡಿ. ಪ್ರಾಜೆಕ್ಟಿಗೆ ನಾಲ್ಕು ತಿಂಗಳು ಅಂದಿರಲ್ಲ, ಮಳೆಗಾಲವೂ ನಾಲ್ಕೇ ತಿಂಗಳು.

ಇಂಜಿನಿಯರ್: ಪಟದಲ್ಲಿ ಕಪ್ಪು ಬಿಳಿ ಗೆರೆ ಸಾಕಾ? ಸೂಕ್ಷ್ಮತೆ ಅಳೆಯಲು ನಾವು ಅದನ್ನೇ ಇಡುವುದು.

ಸರ್ಜನ್: ಗೆರೆ ಒಂದು ಮೂಲೆಯಲ್ಲಿರಲಿ. ನಡುವೆ ಬಣ್ಣ ಹಾಕಿ: ಹಳದಿಗೆ ಒತ್ತಿಕೊಂಡು ತಿಳಿಹಳದಿ, ಗುಲಾಬಿಯ ಪಕ್ಕದಲ್ಲಿ ಅದಕ್ಕಿಂತ ಒಂದೇ ಒಂದು ಛಾಯೆ ಕಡುವಾದ ಗುಲಾಬಿ, ಕಂದುಗೆಂಪಿನ ಮೇಲೆ ನಸುಹಸಿರಿನ ಒಂದು ಸಪೂರ ಗೆರೆ. ನಾಳ ಕಾಣುವುದು ಹಾಗೆ.